ಕಂದಕದಾಚೆಯ ತೋಟದ ಮನೆ

ಪಿಯಾರಾ ವಾಟರ್ಸ್ ಬಡಾವಣೆಯ ಮಗಳ ಮನೆಯಲ್ಲಿ ಮೊನ್ನೆ ಮೊಮ್ಮಗಳು ರಿಯಾ ತನ್ನ ಶಾಲೆಯ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲೆ ಬಿಡಿಸಿಟ್ಟಳು. ನೀರಿನ ನಡುವೆ ನಿಂತ ಕೋಟೆಯ ಚಿತ್ರ. “ತಾತ, ವಾಟ್ಸ್ ಎ ಮೋಟ್?” ಎಂದಳು. ಕಂದಕ ಎಂದೆ. ಅವಳಿಗೆ ಅದು ಇನ್ನೂ ಕಷ್ಟವಾಯಿತು. ಶ್ರೀರಂಗಪಟ್ಟಣದಲ್ಲಿ ಹುಟ್ಟಿದವನಿಗೆ ಕಂದಕ ವಿವರಿಸುವುದೇನು ಮಹಾ ಎಂದು ಶುರು ಮಾಡಿದೆ. ಬಾಯಿಗೆ ಬಂದದ್ದು ಮಾತ್ರ ಅಡಿಲೇಡಿನ ವಾಲ್ಟರ್.

ಎಪ್ಪತ್ತೆಂಟನೇ ಇಸವಿಯಲ್ಲಿ ನಾನು ಅಲ್ಲಿಯ ಆಸ್ಪತ್ರೆಯೊಂದಕ್ಕೆ ಡಾಕ್ಟರಾಗಿ ಸೇರಿದಾಗ ವಾಲ್ಟರ್ ನಮ್ಮ ಪಕ್ಕದ ಮನೆಯವನು. ಎಪ್ಪತ್ತರ ಹತ್ತಿರದ ಒಂಟಿ ಇಂಗ್ಲಿಷ್ ಮುದುಕ. ಹೆಸರು ಹಿಡಿದೇ ಕರೆಯಬೇಕೆಂದು ಅವನ ಆಜ್ಞೆ. ನನ್ನ ಗುಲಾಬಿ ಗಿಡಗಳ ಸ್ಥಿತಿ ಕಂಡು ಮರುಕದಿಂದ ಬೇಲಿ ದಾಟಿ ಬಂದವನು, ಆಮೇಲೆ ಭಾನುವಾರಗಳ ಖಾಯಂ ಅತಿಥಿಯಾದ. ನನ್ನ ಹೆಂಡತಿ ಸ್ಟೆಲ್ಲಾ ಮಾಡಿದ ಉಪ್ಪಿಟ್ಟಿಗೆ ಟೊಮೆಟೊ ಸಾಸ್ ಸುರಿದುಕೊಂಡು ತಿನ್ನುತ್ತಿದ್ದ. ನಾನು ಹಾಗೆ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿ, ಅವನಿಗೆ ಮಾಫಿಯಿತ್ತು.

ತಿನ್ನುತ್ತಾ ಹೇಳುತ್ತಿದ್ದುದು ಒಂದೇ ಜಾಗದ ಸುದ್ದಿ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಪಾಳುಬಿದ್ದ ಹಳೆಯ ಕೋಟೆ. ಉಳಿದದ್ದು ಒಂದು ಹೆಬ್ಬಾಗಿಲು, ಅರ್ಧ ಬುರುಜು, ಸುತ್ತ ಕಂದಕ. ಕೋಟೆ ಕುಸಿದು ಎಷ್ಟೋ ಕಾಲದ ಮೇಲೆ ಯಾರೋ ಶ್ರೀಮಂತರು ಅದೇ ಜಾಗದಲ್ಲಿ ಹೂದೋಟ ಮಾಡಿಸಿ, ಕೂತು ಟೀ ಕುಡಿಯಲೆಂದು ತೋಟದ ಮನೆಯೊಂದನ್ನು ಕಟ್ಟಿಸಿದ್ದರು. ಮುಂದೆ ಅದು ಮಾಲಿಯ ವಾಸಕ್ಕೆ ಬಂತು. ಆ ಮಾಲಿಯ ಮಗ ವಾಲ್ಟರ್.

“ತೋಟದ ಮನೆ ಅಂದ್ರೆ ನಮ್ಮ ಕಡೆ ಪಂಪ್‌ಸೆಟ್ ಮನೆ ಥರಾನಾ ರೀ?” ಎಂದು ಸ್ಟೆಲ್ಲಾ ಕೇಳಿದಳು. ಎಲ್ಲ ತಿಳಿದವನಂತೆ ಹೌದೆಂದೆ.

ಎಂಬತ್ತೆರಡರಲ್ಲಿ ಮೂರು ವಾರದ ತರಬೇತಿಗೆಂದು ಇಂಗ್ಲೆಂಡಿಗೆ ಹೊರಟೆ. ವಾಲ್ಟರ್ ದಾರಿ ಬರೆದ ಚೀಟಿ ಕೊಟ್ಟ. “ಮನೆಯದೊಂದು ಫೋಟೋ ತಂದುಕೊಡು, ಡಾಕ್. ಆದರೆ ಅಲ್ಲಿ ಯಾರನ್ನೂ ಏನೂ ಕೇಳಬೇಡ. ಮಾತು ಕೊಡು.” ಅಪ್ಪ ಸತ್ತ ವಾರವೇ ತೋಟ ಬಿಟ್ಟು ಹೊರಟವನಿಗೆ ತಂಗಿ, ನೀನು ಅಣ್ಣನೇ ಅಲ್ಲ ಎಂದಿದ್ದಳಂತೆ. ಅಂದು ಹಡಗು ಹತ್ತಿದವನು ಮೂವತ್ತು ವರ್ಷ ಒಂದು ಕಾಗದವನ್ನೂ ಬರೆದಿರಲಿಲ್ಲ. ಮಾತು ಕೊಟ್ಟೆ.

ಹೋಗಿ ನೋಡಿದರೆ ಮೊದಲು ನಿರಾಸೆ. ಶ್ರೀರಂಗಪಟ್ಟಣದ ಕಂದಕ ಕಂಡ ಕಣ್ಣಿಗೆ ಅದು ಬಾತುಕೋಳಿಗಳ ಕಾಲುವೆ. ಆದರೆ ಸಣ್ಣ ಸೇತುವೆ ದಾಟಿ, ಬುರುಜು ಬಳಸಿ ಹೋದವನು ನಿಂತುಬಿಟ್ಟೆ. ಕೆಂಪು ಇಟ್ಟಿಗೆಯ ಪುಟ್ಟ ಮನೆ, ಉದ್ದುದ್ದ ಕಿಟಕಿಗಳು, ಮುರಿದ ಕೋಟೆಗೋಡೆಗೆ ಒರಗಿಕೊಂಡು ಬೆಳೆದ ಸೇಬಿನ ಗಿಡ. ಪಂಪ್‌ಸೆಟ್ ಎಲ್ಲೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಒಬ್ಬ ವೃದ್ಧೆ ಬಟಾಣಿ ಸುಲಿಯುತ್ತಿದ್ದರು. ವಾಲ್ಟರನದೇ ಮೂಗು.

ಫೋಟೋ ತೆಗೆದೆ. ಹೊರಟು ಸೇತುವೆಯವರೆಗೂ ಬಂದೆ. ಅಲ್ಲಿಂದ ತಿರುಗಿ ಹೋಗಿ, “ನೀವು ವಾಲ್ಟರನ ತಂಗಿಯೇ?” ಎಂದು ಕೇಳಿಬಿಟ್ಟೆ.

ಮಡಿಲಿನ ಬಟ್ಟಲು ಉರುಳಿ ಬಟಾಣಿಯೆಲ್ಲ ಚೆಲ್ಲಿತು. ಇಬ್ಬರೂ ಆರಿಸತೊಡಗಿದೆವು. ಕೊನೆಯ ಕಾಳನ್ನು ಬಟ್ಟಲಿಗೆ ಹಾಕಿ, “ಬದುಕಿದ್ದಾನೆಯೇ?” ಎಂದರು. ಒಳಗೆ ಕರೆದೊಯ್ದು ಮಹಡಿಯ ಮೇಲಿನ ಸಣ್ಣ ಕೋಣೆ ತೋರಿಸಿದರು. “ಇದು ಅವನದು. ನನ್ನನ್ನು ಬೈಯುವುದಕ್ಕಾದರೂ ಬರಲಿ, ಹೇಳಿ.”

ಅಡಿಲೇಡಿಗೆ ಮರಳಿ ಎಲ್ಲ ಹೇಳಿದಾಗ ವಾಲ್ಟರ್ ಫೋಟೋ ಜೇಬಿಗಿಟ್ಟುಕೊಂಡು ಎದ್ದು ಹೋದ. ಐದು ಭಾನುವಾರ ಬರಲಿಲ್ಲ.

“ಮಾತು ಕೊಟ್ಟಿದ್ರಲ್ವಾ? ಯಾಕ್ರೀ ಬೇಕಿತ್ತು ನಿಮಗೆ?” ಎಂದು ಸ್ಟೆಲ್ಲಾ ಉಪ್ಪಿಟ್ಟಿನ ಬಾಣಲೆ ಕುಕ್ಕಿದಳು.

ಆರನೆಯ ಭಾನುವಾರ ಬಾಗಿಲು ತಟ್ಟಿದ. ಕೈಯಲ್ಲಿ ಪಾಸ್‌ಪೋರ್ಟ್ ಅರ್ಜಿ, ತನ್ನ ಎರಡು ಫೋಟೋ. ಅದು ಅವನದೇ ಮುಖವೆಂದು ಪರಿಚಯದ ಡಾಕ್ಟರೊಬ್ಬರು ಸಹಿ ಹಾಕಬೇಕಿತ್ತು.

“ಮಾತಂತೂ ಉಳಿಸಿಕೊಳ್ಳಲಿಲ್ಲ. ಸಹಿಯನ್ನಾದರೂ ನೆಟ್ಟಗೆ ಹಾಕು,” ಎಂದ.

ಅದೂ ಸೊಟ್ಟಗಾಯಿತು.

ಇಂಗ್ಲೆಂಡಿಗೆ ಹೋದವನು ಆ ತೋಟದ ಮನೆಯಲ್ಲೇ ಉಳಿದ. ಗುಲಾಬಿಯನ್ನು ಎಲ್ಲಿ ಕತ್ತರಿಸಬೇಕೆಂದು ಅಣ್ಣ ತಂಗಿಗೆ ದಿನವೂ ಜಗಳ; ಕ್ರಿಸ್‌ಮಸ್ ಕಾರ್ಡಿನಲ್ಲಿ ಇಬ್ಬರೂ ಬೇರೆ ಬೇರೆಯಾಗಿ ನನಗೆ ದೂರು ಬರೆಯುತ್ತಿದ್ದರು.

ಇಷ್ಟು ವರ್ಷ ನೆಂಟರಿಷ್ಟರಿಗೆ ಇದನ್ನು ಹೇಳುವಾಗಲೆಲ್ಲ, ತಂಗಿಯೇ ಮೊದಲು ನನ್ನನ್ನು ಮಾತಾಡಿಸಿದರು ಎಂದು ತಿರುಚುತ್ತಿದ್ದೆ. ಮಾತಿಗೆ ತಪ್ಪಿದವನೆನಿಸಿಕೊಳ್ಳಲು ನಾಚಿಕೆ. ಮೊನ್ನೆ ಮಾತ್ರ ನಡೆದದ್ದನ್ನು ನಡೆದ ಹಾಗೇ ಹೇಳಿದೆ.

“ಸೋ ಯೂ ಬ್ರೋಕ್ ಯುವರ್ ಪ್ರಾಮಿಸ್?” ರಿಯಾ ಕಣ್ಣರಳಿಸಿದಳು.

“ಹೂಂ ಕಣಮ್ಮ, ಮುರಿದ್ಬಿಟ್ಟೆ.”

ಅವಳು ಸ್ವಲ್ಪ ಯೋಚಿಸಿದಳು. “ಗುಡ್ ಆನ್ ಯೂ, ತಾತ,” ಎಂದು ಹಾಳೆ ಮಗುಚಿದಳು.