ಕಾಕಾನ ಸೂಜಿ, ಕಾಕಾನ ತಂಬಿಗೆ

ಸ್ನೇಹಿತರೇ, ಇದನ್ನು ನಿಮಗೆ ಹೇಳಲೇಬೇಕು. ಸಕ್ಕರೆ ಕಾಯಿಲೆಯ ನಮ್ಮ ಕಾಕಾನಿಗೆ ಹೋದ ತಿಂಗಳು ಶುಗರ್ ನೋಡುವ ಮಷೀನ್ ಕೊಡಿಸಿದ್ದೆ. ಸ್ಟ್ರಿಪ್ಸ್ ಆಗಲೇ ಮುಗಿದವೆಂದು ಫೋನ್ ಬಂತು. ಇವತ್ತು ಹೊಸ ಡಬ್ಬಿ ಹಿಡಿದು ಹಾವೇರಿಯಿಂದ ಬ್ಯಾಡಗಿಯ ಅವರ ಮೆಣಸಿನಕಾಯಿ ಅಂಗಡಿಗೆ ಹೋದರೆ, ಚೀಲಗಳ ಮೇಲೆ ಆರು ಜನ ಬೆರಳು ಚಾಚಿಕೊಂಡು ಕೂತಿದ್ದಾರೆ! ಬಂದವರಿಗೆಲ್ಲ ಚಹಾ ಕೊಡುವ ಹಾಗೆ ಕಾಕಾ ಒಬ್ಬೊಬ್ಬರಿಗೇ ಚುಚ್ಚುತ್ತಿದ್ದಾರೆ.

“ಕಾಕಾ, ಸೂಜಿ ಬದಲಿ ಮಾಡೀರಿಲ್ಲೋ?”

“ಯಾಕ ಮಾಡೂದು? ನೀ ಕೊಟ್ಟಾಗಿಂದ ಇದ ಐತಿ. ಒರಸೇ ಚುಚ್ಚತೇನಿ,” ಎಂದು ಧೋತರದ ಚುಂಗು ತೋರಿಸಿದರು.

“ಸಾವಕಾರ್ರ ಕೈ ಭಾಳ ಹಗೂರ ಐತ್ರಿ ಅಕ್ಕಾರ, ನೋವಾಗೂದ ಇಲ್ರಿ,” ಎಂದು ಒಬ್ಬ ಹಮಾಲ ಹೊಗಳಿದ.

ಮಷೀನಿನ ನಂಬರ್ ಓದುವುದನ್ನು ಕಲಿಸಿದ್ದ ನಾನು ಸೂಜಿಯ ಮಾತೇ ಎತ್ತಿರಲಿಲ್ಲ. ಒಬ್ಬರ ರಕ್ತದಲ್ಲಿನ ರೋಗ ಇನ್ನೊಬ್ಬರಿಗೆ ಅಂಟುತ್ತದೆ, ಚುಚ್ಚಿಸಿಕೊಂಡವರೆಲ್ಲ ನಾಳೆಯೇ ದವಾಖಾನೆಗೆ ಹೋಗಿ ರಕ್ತ ತೋರಿಸಬೇಕು ಎಂದು ಕೂಗಾಡಿದೆ.

“ಇವರೆಲ್ಲ ನಮ್ಮ ಮಂದಿನ ಬಿಡವಾ,” ಎಂದರು ಕಾಕಾ.

ಕೂಗಿ ಕೂಗಿ ಗಂಟಲು ಒಣಗಿತ್ತು. ಮೂಲೆಯಲ್ಲಿದ್ದ ನೀರಿನ ತಂಬಿಗೆ ತೆಗೆದು ಬಾಯಿಗಿಟ್ಟೆ. ಕಾಕಾ ಗಾಬರಿಯಿಂದ ಎದ್ದೇ ನಿಂತರು.

“ಏ ಏ, ತುಟಿ ಹಚ್ಚಬ್ಯಾಡ! ಎತ್ತಿ ಕುಡಿ! ಎಲ್ಲಾರೂ ಕುಡಿಯೂ ತಂಬಿಗಿ, ಎಂಜಲಾತಲ್ಲ!”

ಆರೂ ಜನ ಹೌದೆಂದು ತಲೆಯಾಡಿಸಿದರು. ಆ ಸೂಜಿಯನ್ನು ಕಿತ್ತುಕೊಂಡು ನಾನು ಹೊರಡುವಾಗ, ಕಾಕಾ ತಂಬಿಗೆಯನ್ನು ಮೂರನೇ ಸಲ ತೊಳೆಸುತ್ತಿದ್ದರು.