ವರ್ನನ್‌ನ ಬೇಲಿಗೆ ಬಂದು ನಿಂತ ಹುಲ್ಲೆಗಳು

ನನ್ನ ಗಂಡ ಡೆಲ್ಮರ್ ಬೇಲಿ ಕಟ್ಟುವವನು. ವಯೋಮಿಂಗಿನ ಈ ಹುಲ್ಲುಗಾವಲಿನಲ್ಲಿ ಮೂವತ್ತು ವರ್ಷ ಅದನ್ನೇ ಮಾಡಿದ. ಏಪ್ರಿಲ್‌ನಲ್ಲಿ ತೀರಿಕೊಂಡ.

ನಮ್ಮ ಕಡೆಯ ಕವಲುಗೊಂಬಿನ ಹುಲ್ಲೆ ಕುದುರೆಯನ್ನೂ ಹಿಂದೆ ಹಾಕಿ ಓಡುತ್ತದೆ. ಸೊಂಟದೆತ್ತರದ ತಂತಿ ಕಂಡರೆ ನಿಂತುಬಿಡುತ್ತದೆ. ಹಾರುವುದಿಲ್ಲ, ಅಡಿಯಲ್ಲಿ ನುಸುಳುತ್ತದೆ. ಇದು ತಿಳಿಯದ ವಯಸ್ಸಿನಲ್ಲಿ ಡೆಲ್ಮರ್ ಪಕ್ಕದ ವರ್ನನ್‌ನ ಕುರಿಗಳಿಗೆಂದು ನೆಲಕ್ಕೆ ಅಂಟಿಸಿ ಜಾಲರಿ ಬೇಲಿ ಕಟ್ಟಿದ್ದ. ತಿಳಿದ ಮೇಲೆ ಉಳಿದ ಬೇಲಿಗಳ ಕೆಳಗಿನ ಮುಳ್ಳುತಂತಿಯನ್ನೆಲ್ಲ ಕಿತ್ತು, ನುಣುಪು ತಂತಿಯನ್ನು ಒಂದು ಮೊಳ ಮೇಲೆ ಎಳೆದ. ಭಾನುವಾರಗಳೆಲ್ಲ ಅದಕ್ಕೇ ಹೋದವು. ವರ್ನನ್ ಮಾತ್ರ ತನ್ನ ಬೇಲಿ ಮುಟ್ಟಲು ಬಿಡಲಿಲ್ಲ.

ಈ ಫೆಬ್ರವರಿಯ ಹಿಮದಲ್ಲಿ ಇನ್ನೂರು ಹುಲ್ಲೆ ಆ ಬೇಲಿಗೆ ಬಂದು ನಿಂತವು. ಆಚೆಯ ದಿಬ್ಬದಲ್ಲಿ ಗಾಳಿಗೆ ಹಿಮ ಹಾರಿ ಅವು ಮೇಯುವ ಸೇಜ್ ಪೊದೆಗಳು ಕಾಣುತ್ತಿದ್ದವು. ಈಚೆ ತಿನ್ನಲು ಏನೂ ಇಲ್ಲ. ಎರಡನೆಯ ದಿನ ಆರು ಮಲಗಿದವು, ಏಳಲಿಲ್ಲ. ಡೆಲ್ಮರ್ ಪಿಕಪ್ ತೆಗೆದ. ನಾನೂ ಹತ್ತಿದೆ. ವರ್ನನ್‌ನ ಮನೆಗೆ ಹೋದೆವು.

"ಬೇಲಿ ಬಿಚ್ತೀನಿ ವರ್ನನ್," ಎಂದ.

"ಹಸಿವಾದ್ರೆ ಹಾರ್ಲಿ ಬಿಡೋ. ಸೊಂಟದ ಮಟ್ಟ ಅಷ್ಟೇ."

"ಅವಕ್ಕೆ ಹಾರೋಕೆ ಬರಲ್ಲ ಕಣೋ."

"ನಿಂಗೂ ಬರಲ್ಲ. ಹಾರ್ಟು ಸರಿಯಿಲ್ಲ, ಡಾಕ್ಟ್ರು ಸಲಿಕೆ ಮುಟ್ಬೇಡ ಅಂದಿಲ್ವಾ? ನನ್ನ ಕುರಿ ಓಡಿಹೋದ್ರೆ ನಿನ್ನ ಹೆಂಡ್ತಿ ಇಡಾ ಹಿಡ್ಕೊಂಡು ಬರ್ತಾಳಾ?"

"ಬರ್ತೀನಿ," ಎಂದೆ. "ಓಡೋದ್ರಲ್ಲಿ ನಿನ್ನ ಹೊಟ್ಟೆಗಿಂತ ಮುಂದೇ ಇರ್ತೀನಿ."

ವರ್ನನ್‌ಗೆ ನಗು ಬಂತು. "ಸರಿ. ಹಿಮ ಕರಗಿದ್ಮೇಲೆ ನೀನೇ ಕಟ್ಕೊಡ್ಬೇಕು, ಹೆಂಗಿತ್ತೋ ಹಂಗೆ."

"ಕಟ್ಕೊಡ್ತೀನಿ. ನಡುವೆ ಒಂದು ಗೇಟ್ ಇಡ್ತೀನಿ. ಹಿಮ ಬಿದ್ದಾಗ ತೆಗಿ, ಸಾಕು."

"ಇಟ್ಕೊ ಮಾರಾಯ."

ಐವತ್ತು ಹೆಜ್ಜೆ ಜಾಲರಿ ಬಿಚ್ಚಿದೆವು. ಮುದಿ ಹೆಣ್ಣು ಹುಲ್ಲೆಯೊಂದು ಆ ಜಾಗವನ್ನು ತುಂಬ ಹೊತ್ತು ನೋಡಿತು, ಆಮೇಲೆ ನಡೆಯಿತು. ಹಿಂದೆ ಎಲ್ಲವೂ ಹೋದವು. ಡೆಲ್ಮರ್ ಉಸಿರು ಸಿಗದೆ ಹಿಮದಲ್ಲೇ ಕೂತಿದ್ದ. ಅಷ್ಟು ಖುಷಿಯಾಗಿ ಅವನನ್ನು ನಮ್ಮ ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಹಿಮ ಕರಗಿತು. ಹೇಳಿದಂತೆ ಜಾಲರಿ ಕಟ್ಟಿದ. ಗೇಟಿನ ಕಂಬಕ್ಕೆ ಗುಂಡಿ ತೋಡುವಾಗ ಅಲ್ಲೇ ಬಿದ್ದ.

ಅವನನ್ನು ಹೂತ ಮೂರನೆಯ ದಿನ ನಾನು ಸಲಿಕೆ ಹಿಡಿದು ಹೋದೆ. ವರ್ನನ್ ಓಡಿ ಬಂದ.

"ಬಿಡು, ಇಡಾ. ಯಾರು ಕೇಳ್ತಾರೆ ಈಗ?"

"ಅವನು ಇಡ್ತೀನಿ ಅಂದಿದ್ದ. ಕಂಬ ಹಿಡ್ಕೊ. ನೆಟ್ಟಗೆ."

ಹಿಡಿದುಕೊಂಡ. ನಾನು ಮಣ್ಣು ತುಳಿದೆ. ಸಂಜೆಗೆ ಗೇಟು ಕೂತಿತು. ಕೀಲುಗಳನ್ನು ಡೆಲ್ಮರ್ ಮೊದಲೇ ಮಾಡಿಟ್ಟಿದ್ದ. ಒಂದು ಕೈಯಲ್ಲಿ ತಳ್ಳಿದೆ, ಸದ್ದಿಲ್ಲದೆ ತೆರೆದುಕೊಂಡಿತು.