ಹತ್ತು ನಿಮಿಷದ ಕೆಲಸಕ್ಕೆ ಮೂರು ಬೆಳಗು

ನಾಗರತ್ನಮ್ಮ ಉಸಿರು ಹಿಡಿದಿದ್ದಾರೆ. ಮಣ್ಣಿನ ಹೂದಾನಿಯಿಂದ ಒಂದು ಗೇಣು ದೂರದಲ್ಲಿ ಅವರ ಕೈ ಎಡದಿಂದ ಬಲಕ್ಕೆ ಸಾಗುತ್ತದೆ. ಹೂದಾನಿಯನ್ನು ದಾಟಿದ ಮೇಲೆಯೇ ಸ್ಪ್ರೇ ಡಬ್ಬಿಯ ಗುಂಡಿಯಿಂದ ಬೆರಳು ಏಳುತ್ತದೆ. ಆಮೇಲೆ ಉಸಿರು. ವೆಸ್ಟ್ ಮಾಂಬಲಂನ ಈ ತಾರಸಿಯಲ್ಲಿ ಗಂಟೆ ಐದೂಮುಕ್ಕಾಲು. ಧೂಳೇಳದಂತೆ ನೆಲಕ್ಕೆ ನೀರು ಚಿಮುಕಿಸಿದ್ದಾರೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಕಟ್ಟಿದ ನೂಲು ಗಾಳಿಗೆ ಅಲ್ಲಾಡಿದರೆ ಕೆಲಸ ನಿಲ್ಲುತ್ತದೆ.

“ಏಳಕ್ಕೆ ಎಲ್ರೂ ಬಟ್ಟೆ ಒಣಾಕಕ್ಕೆ ಬತ್ತಾರೆ. ಹೋದ್ ವರ್ಷ ಒಬ್ರ ಬಿಳೀ ಪಂಚೆ ಮೇಲೆ ಬಂಗಾರದ ಚುಕ್ಕಿ ಬಿತ್ತು. ವಾರವೆಲ್ಲಾ ಬೈದ್ರು. ಆಮೇಲೆ ಅದನ್ನೇ ಮದ್ವೆಗೆ ಉಟ್ಕೊಂಡ್ ಹೋದ್ರು!”

ನಂಜನಗೂಡಿನಿಂದ ಮದುವೆಯಾಗಿ ಈ ತಮಿಳು ಊರಿಗೆ ಬಂದ ನಾಗರತ್ನಮ್ಮನವರಿಗೆ ಈಗ ನಲವತ್ತೊಂಬತ್ತು. ಗಂಡ ಶಿವರಾಮು ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಇಪ್ಪತ್ತು ವರ್ಷ ಮೂಗಿಗೆ ಬರೀ ಕರವಸ್ತ್ರ. ಎದೆ ಹಾಳಾಯಿತು, ಈಗ ಅವರು ಮೆಟ್ಟಿಲು ಹತ್ತಲಾರರು. ಒಣಗಿದ ವಸ್ತುವನ್ನು ಕೆಳಗೆ ತಂದರೆ ಕಣ್ಣು ಮುಚ್ಚಿ ಬೆರಳಾಡಿಸಿ, “ಇಲ್ಲಿ ದಪ್ಪ ಆಯ್ತು ಕಣೇ” ಎನ್ನುತ್ತಾರೆ. ಹೆಂಡತಿ ಕೆಲಸ ಕಲಿತದ್ದು ಆ ಬೆರಳುಗಳಿಂದ.

ಬೀರುಗಳ ಕಾಲ ಮುಗಿಯಿತು. ಈಗ ನಾಗರತ್ನಮ್ಮನವರಿಗೆ ಕೆಲಸ ಬರುವುದು ವೇಲಚೇರಿಯ ಫ್ಲ್ಯಾಟೊಂದರಿಂದ. ಅಲ್ಲಿ ವೃಂದಾ ಎಂಬುವರು ಸ್ಪ್ರೇ ಪೇಂಟ್ ಹವ್ಯಾಸದ ತರಗತಿ ನಡೆಸುತ್ತಾರೆ: ಡಬ್ಬಿ ಕುಲುಕಿ, ಗುಂಡಿ ಒತ್ತಿ, ಹತ್ತೇ ನಿಮಿಷದಲ್ಲಿ ಕಲಾವಿದೆಯಾಗಿ. ಗುಂಡಿ ಒತ್ತಿದಾಗಿನ ಆ ಸದ್ದಿಗೆ ಮರುಳಾಗದವರಿಲ್ಲ. ಮೊದಲು ಉಪ್ಪಿನಕಾಯಿ ಸೀಸೆ, ಆಮೇಲೆ ತೆಂಗಿನ ಚಿಪ್ಪು, ಕಸದ ಬುಟ್ಟಿ, ಅತ್ತೆಯ ಈರುಳ್ಳಿ ಬುಟ್ಟಿ, ಎಲ್ಲವೂ ಬಂಗಾರ.

“ಯಜಮಾನ್ರು ಪೇಪರ್ ಓದ್ತಾ ಅಲ್ಲಾಡ್ದೆ ಕೂತಿದ್ರೆ ಅವರಿಗೂ ಒಂದು ಕೋಟ್ ಹೊಡ್ದುಬುಡ್ತಾರೆ,” ಎನ್ನುತ್ತಾರೆ ನಾಗರತ್ನಮ್ಮ.

ನಗು ಇಲ್ಲಿಗೆ ಮುಗಿಯಿತು. ಬಣ್ಣ ಸೋರಿದ, ಸುಕ್ಕುಗಟ್ಟಿದ, ನೊಣ ಅಂಟಿದ ಆ ಬಂಗಾರವೆಲ್ಲ ಚೀಲಗಳಲ್ಲಿ ಈ ತಾರಸಿಗೆ ಬರುತ್ತದೆ. ಒಂದು ಬೆಳಗು ಎಮರಿ ಪೇಪರಿನಿಂದ ಉಜ್ಜಿ ತೊಳೆಯುವುದಕ್ಕೆ, ಒಂದು ಪ್ರೈಮರ್ ಎಂಬ ಅಡಿಬಣ್ಣಕ್ಕೆ, ಒಂದು ಬಣ್ಣಕ್ಕೆ. ಈ ಶನಿವಾರ ತರಗತಿಯವರ ಪ್ರದರ್ಶನ, ಅದಕ್ಕೆ ಮೂವತ್ತಾರು ವಸ್ತುಗಳು. ಪ್ರತಿಯೊಂದರ ಮುಂದೆಯೂ ಚೀಟಿ ಇರುತ್ತದೆ: ‘ಹತ್ತೇ ನಿಮಿಷ, ನಾನೇ ಮಾಡಿದ್ದು.’ ಯಾರು ಆ ‘ನಾನು’?

ಕಳೆದ ವರ್ಷದ ಪ್ರದರ್ಶನಕ್ಕೆ ಸಾಮಾನು ತಲುಪಿಸಲು ಹೋದ ನಾಗರತ್ನಮ್ಮ, ತಾವೇ ಬಣ್ಣ ಹೊಡೆದ ದೀಪದ ಕಂಬವನ್ನು ನೇರವಾಗಿ ನಿಲ್ಲಿಸಲು ಕೈ ಚಾಚಿದರು. ಅದರ ‘ಕಲಾವಿದೆ’ ಓಡಿ ಬಂದರು: “ಮುಟ್ಟಬೇಡಿಮ್ಮಾ, ಕೈಗುರುತು ಬೀಳುತ್ತೆ!”

ಈ ಸಲ ಅವರು ಬಾಯಿಬಿಟ್ಟು ಕೇಳಿದ್ದಾರೆ, ಒಂದೇ ಒಂದು ಚೀಟಿಯಲ್ಲಿ ತಮ್ಮ ಹೆಸರೂ ಇರಲಿ ಎಂದು. ವೃಂದಾ ನಕ್ಕರಂತೆ. “ಅಯ್ಯೋ ಅಕ್ಕಾ, ನಿಮ್ಮ ಹೆಸರು ಹಾಕಿದ್ರೆ ಈಸಿ ಅಂತ ಯಾರು ನಂಬ್ತಾರೆ? ಸುಮ್ಮಾ ಟಚ್ ಅಪ್ ತಾನೇ ನೀವು ಮಾಡೋದು!”

ಸುಮ್ಮಾ! ತಾರಸಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮೂರು ಬೆಳಗು ದುಡಿದವರಿಗೆ ಸಿಕ್ಕ ಮಾತು ಇದು. ಬೇರೆಯವರ ಸೊಂಟನೋವನ್ನು ಮರೆಮಾಡಿ ನಾವು ಎಷ್ಟು ಕೆಲಸಗಳಿಗೆ ಸುಲಭ ಎಂದು ಹೆಸರಿಟ್ಟಿದ್ದೇವೋ.

“ಹೆಸರು ಬಂದ್ರೆ ಇವ್ರಿಗೆ ತೋರಿಸ್ತಿದ್ದೆ, ಅಷ್ಟೇ,” ಎನ್ನುತ್ತಾರೆ ನಾಗರತ್ನಮ್ಮ. ‘ಇವ್ರು’ ಎಂದರೆ ಶಿವರಾಮು.

ಶುಕ್ರವಾರ, ಏಳಕ್ಕೆ ಹತ್ತು ನಿಮಿಷ. ಮೂವತ್ತೈದು ಮುಗಿದಿವೆ. ಉಳಿದಿರುವುದು ತರಗತಿಯಲ್ಲಿ ವೃಂದಾ ಅವರೇ ಬಣ್ಣ ಹೊಡೆದು ತೋರಿಸಿದ ಕೂಜ. ಪ್ರದರ್ಶನದ ನಡುಮೇಜಿನಲ್ಲಿ ಇಡುವಂಥದ್ದು. ಬಾಯಿಯಿಂದ ಬುಡದವರೆಗೆ ಬಣ್ಣ ಸೋರಿ ಕಡ್ಡಿಯಷ್ಟು ದಪ್ಪನೆಯ ಗೆರೆ ಇಳಿದಿದೆ. ಮಿಕ್ಕೆಡೆ ಸರಿಯಿದೆ, ಅದನ್ನಷ್ಟು ಉಜ್ಜಿ ಮೇಲೊಂದು ಕೋಟ್ ಹೊಡೆದರೆ ಸಾಕು. ನಾಗರತ್ನಮ್ಮ ಎಮರಿ ಪೇಪರನ್ನು ನೀರಿಗೆ ಅದ್ದುತ್ತಾರೆ. ಗೆರೆಯ ಉದ್ದಕ್ಕೂ ಒಮ್ಮೆ ಬೆರಳಾಡಿಸುತ್ತಾರೆ. ಆಮೇಲೆ ಪೇಪರನ್ನು ಕೊಡವಿ ಸಾಮಾನಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಕೂಜವನ್ನು ಇದ್ದ ಹಾಗೆಯೇ ಹಳೇ ಸೀರೆಯಲ್ಲಿ ಸುತ್ತುತ್ತಾರೆ.

ಫೋನು ಬಡಿದುಕೊಳ್ಳುತ್ತದೆ. “ಎಲ್ಲಾ ಆಯ್ತಾ ಅಕ್ಕಾ? ನನ್ನ ಕೂಜ?”

“ಆಯ್ತು ಕಣಮ್ಮ.”

ಕೆಳಗೆ ಶಿವರಾಮು ಎಂದಿನಂತೆ ಕೈ ಚಾಚುತ್ತಾರೆ. ನಾಗರತ್ನಮ್ಮ ಅವರಿಗೆ ನಿನ್ನೆ ಮುಗಿಸಿದ ಸೀಸೆಯೊಂದನ್ನು ಕೊಡುತ್ತಾರೆ. ಅವರು ಕಣ್ಣು ಮುಚ್ಚಿ ಬೆರಳಾಡಿಸುತ್ತಾರೆ.

“ಒಂದು ಗೆರೆನೂ ಇಲ್ವಲ್ಲೇ!”

“ಹ್ಞೂಂ,” ಎನ್ನುತ್ತಾ ನಾಗರತ್ನಮ್ಮ ಕೂಜದ ಗಂಟನ್ನು ಇನ್ನೊಮ್ಮೆ ಬಿಗಿಯುತ್ತಾರೆ.